ಗಾಳಿಗೆ ಬಿಡದೆ ಬಾವಿ ಎಬ್ಬಿಸುವುದು: ಪ್ಲಂಜರ್ ಲಿಫ್ಟ್ ಆಟೊಮೇಷನ್, ನನ್ನ ಅನುಭವ

‘ಟ್ಯಾಂಕಿಗೆ ಊದಿಸದಿದ್ದರೆ ಈ ಬಾವಿಗಳು ನೀರು ಕಟ್ಟಿಕೊಂಡು ಸಾಯುತ್ತವೆ’ ಎಂದು ಪಂಪರ್‌ಗಳು (ಬಾವಿ ನೋಡಿಕೊಳ್ಳುವ ಕೆಲಸಗಾರರು) ಹೇಳುತ್ತಿದ್ದ 40 ನೈಸರ್ಗಿಕ ಅನಿಲದ ಬಾವಿಗಳು. ಅವುಗಳಲ್ಲಿ 31ರ ವೆಂಟ್ ಲೈನಿಗೆ (ಅನಿಲವನ್ನು ಗಾಳಿಗೆ ಬಿಡುವ ಕೊಳವೆ) ಈಗ ಬುಲ್ ಪ್ಲಗ್ (ಗಟ್ಟಿ ಮುಚ್ಚಳ) ಬಿಗಿದಿದ್ದೇವೆ. ಒಂದೂ ಸತ್ತಿಲ್ಲ.

ಜಾಗ ನ್ಯೂ ಮೆಕ್ಸಿಕೋದ ಸಾನ್ ಹುವಾನ್ ಬೇಸಿನ್, ಮೆಸಾವರ್ಡೆ ಪದರ. ಆಳ ಸುಮಾರು 5,000 ಅಡಿ, ಟ್ಯೂಬಿಂಗ್ (ಅನಿಲ ಮೇಲೆ ಬರುವ ಒಳಕೊಳವೆ) 2-3/8 ಇಂಚು, ಲೈನ್ (ಅನಿಲ ಸಾಗಿಸುವ ಪೈಪ್) ಒತ್ತಡ 90ರಿಂದ 170 ಪಿಎಸ್‌ಐ (ಚದರ ಇಂಚಿಗೆ ಪೌಂಡು) ನಡುವೆ ಓಲಾಡುತ್ತದೆ. ದಿನದ ಉತ್ಪಾದನೆ ಬಾವಿಗೆ 60ರಿಂದ 120 ಎಂಸಿಎಫ್ (ಸಾವಿರ ಘನ ಅಡಿ). ಪ್ಲಂಜರ್, ಅಂದರೆ ಟ್ಯೂಬಿಂಗ್ ಒಳಗೆ ಏರಿಳಿದು ನೀರನ್ನು ಮೇಲೆ ತಳ್ಳುವ ಲೋಹದ ತುಂಡು, ಮೊದಲೇ ಇತ್ತು. ಅದನ್ನು ಓಡಿಸುತ್ತಿದ್ದುದು ಮಾತ್ರ ಟೈಮರ್: ಇಷ್ಟು ಹೊತ್ತು ಮುಚ್ಚು, ಇಷ್ಟು ಹೊತ್ತು ತೆರೆ, ಅರ್ಧ ಗಂಟೆಯಲ್ಲಿ ಪ್ಲಂಜರ್ ಬರದಿದ್ದರೆ ಬಿ ವಾಲ್ವ್ ತೆರೆದು ಟ್ಯಾಂಕಿಗೆ ಬಿಡು.

ಮೊದಲ ಪ್ರಯತ್ನದಲ್ಲಿ ಟೈಮರ್ ಅಂಕಿಗಳನ್ನೇ ತಿದ್ದಿ ನೋಡಿದೆವು. ಎರಡು ತಿಂಗಳು ದಂಡ. ಎರಡನೆಯದು ಕೇಸಿಂಗ್ (ಟ್ಯೂಬಿಂಗ್ ಸುತ್ತಲಿನ ಹೊರಕೊಳವೆ) ಒತ್ತಡ ಇಂತಿಷ್ಟಾದಾಗ ತೆರೆಯುವುದು. ಕಂಪ್ರೆಸರ್ ನಿಂತು ಲೈನ್ ಒತ್ತಡ ಏರಿದ ದಿನ ಇದೂ ಕೈಕೊಟ್ಟಿತು. ಬಾವಿ ತೆರೆದುಕೊಂಡರೂ ತಳ್ಳುವ ಶಕ್ತಿ ಸಾಲದೆ ಪ್ಲಂಜರ್ ನಡುದಾರಿಯಲ್ಲಿ ನಿಂತುಬಿಡುತ್ತಿತ್ತು, ಒಡನೆಯೇ ವೆಂಟ್.

ಕೆಲಸಕ್ಕೆ ಬಂದಿದ್ದು ಲೋಡ್ ಫ್ಯಾಕ್ಟರ್, ಅಂದರೆ ತಳ್ಳುವ ಒತ್ತಡಕ್ಕೆ ಹೋಲಿಸಿದರೆ ನೀರಿನ ಭಾರ ಎಷ್ಟು ಎಂಬ ಅಂಕಿ. ಕೇಸಿಂಗ್‌ನಿಂದ ಟ್ಯೂಬಿಂಗ್ ಒತ್ತಡ ಕಳೆದು, ಅದನ್ನು ಕೇಸಿಂಗ್‌ಗೂ ಲೈನ್‌ಗೂ ಇರುವ ವ್ಯತ್ಯಾಸದಿಂದ ಭಾಗಿಸಬೇಕು. ಕೇಸಿಂಗ್ 280, ಟ್ಯೂಬಿಂಗ್ 220, ಲೈನ್ 120 ಇದ್ದರೆ 60ನ್ನು 160ರಿಂದ ಭಾಗಿಸಿ 0.375. ತೆರೆಯಬಹುದು. ಅದೇ ಬಾವಿಗೆ ಲೈನ್ 170 ಆದರೆ 60ನ್ನು 110ರಿಂದ ಭಾಗಿಸಿ 0.55. ತೆರೆಯಬಾರದು, ಕಾಯಬೇಕು. ನಮ್ಮ ಗಡಿ 0.45. ಈ ಟ್ಯೂಬಿಂಗ್‌ನಲ್ಲಿ ಒಂದು ಬ್ಯಾರೆಲ್ ನೀರು 258 ಅಡಿ ನಿಲ್ಲುತ್ತದೆ, ಭಾರ ಸುಮಾರು 112 ಪಿಎಸ್‌ಐ. ಹಾಗಾಗಿ ಆ 60 ಎಂದರೆ ಅರ್ಧ ಬ್ಯಾರೆಲ್‌ಗಿಂತ ಚೂರು ಹೆಚ್ಚು ನೀರು.

ಪ್ಲಂಜರ್ ತಳ ಮುಟ್ಟುವ ಮುನ್ನ ತೆರೆಯದಂತೆ ಒಂದು ಬೀಗವೂ ಬೇಕು. ನಮ್ಮ ಪ್ಯಾಡ್ ಪ್ಲಂಜರ್ ಅನಿಲದಲ್ಲಿ ನಿಮಿಷಕ್ಕೆ 250 ಅಡಿ ಇಳಿಯುತ್ತದೆ, ನೀರಿನಲ್ಲಿ 50 ಅಡಿ ಇಳಿದರೆ ಹೆಚ್ಚು. 20 ನಿಮಿಷಕ್ಕೆ 3 ಸೇರಿಸಿ, ಮೇಲೊಂದಿಷ್ಟು ಅಂತರ ಬಿಟ್ಟು 30 ನಿಮಿಷ ಹಾಕಿದ್ದೇವೆ. ಈ ಬೀಗ ಇಲ್ಲದ ಮೊದಲ ವಾರಗಳಲ್ಲಿ ಪ್ಲಂಜರ್ ನೀರಿಲ್ಲದೆ ಒಣಗಿ ಮೇಲೆ ಬಂದು ಬಡಿದು, ಎರಡು ಲೂಬ್ರಿಕೇಟರ್ (ಬಾವಿಯ ತಲೆಯಲ್ಲಿ ಪ್ಲಂಜರ್ ಹಿಡಿಯುವ ಭಾಗ) ಸ್ಪ್ರಿಂಗ್ ಪುಡಿಯಾದವು.

ಏರುವಾಗ ನಿಮಿಷಕ್ಕೆ 750 ಅಡಿ ಗುರಿ, ಅಂದರೆ ಸುಮಾರು 6 ನಿಮಿಷ 40 ಸೆಕೆಂಡು. 5 ನಿಮಿಷಕ್ಕೆ ಮೊದಲೇ ಬಂದರೆ ಆಫ್ಟರ್‌ಫ್ಲೋಗೆ (ಪ್ಲಂಜರ್ ಬಂದ ಮೇಲೂ ಅನಿಲ ಹರಿಯಲು ಬಿಡುವ ಹೊತ್ತು) 5 ನಿಮಿಷ ಕೂಡಿಸುತ್ತೇವೆ. 10 ನಿಮಿಷ ದಾಟಿದರೆ ಆಫ್ಟರ್‌ಫ್ಲೋದಿಂದ 10 ನಿಮಿಷ ಕಳೆದು, ತೆರೆಯಲು ಬೇಕಾದ ಒತ್ತಡಕ್ಕೆ 10 ಪಿಎಸ್‌ಐ ಸೇರಿಸುತ್ತೇವೆ. ಬಿಗಿ ಮಾಡುವಾಗ ಬೇಗ, ಸಡಿಲಿಸುವಾಗ ನಿಧಾನ. ಎರಡೂ ಕಡೆ ಒಂದೇ ಹೆಜ್ಜೆ ಇಟ್ಟರೆ ಬಾವಿ ಓಲಾಡುತ್ತಲೇ ಇರುತ್ತದೆ.

ಮುಚ್ಚುವುದು ಯಾವಾಗ ಎಂಬಲ್ಲೇ ದುಡ್ಡು ಇರುವುದು. ಕೋಲ್ಮನ್ ಲೆಕ್ಕದಲ್ಲಿ 120 ಪಿಎಸ್‌ಐ ಟ್ಯೂಬಿಂಗ್ ಒತ್ತಡಕ್ಕೆ ಕ್ರಿಟಿಕಲ್ ರೇಟ್ (ನೀರನ್ನು ಹೊತ್ತೊಯ್ಯಲು ಬೇಕಾದ ಕನಿಷ್ಠ ಹರಿವು) ದಿನಕ್ಕೆ ಸುಮಾರು 330 ಎಂಸಿಎಫ್. ಟರ್ನರ್ ಸೂತ್ರ ಹಿಡಿದರೆ ಅದಕ್ಕಿಂತ 20% ಹೆಚ್ಚು. ಇಷ್ಟು ಕಡಿಮೆ ಒತ್ತಡದ ಬಾವಿಗೆ ಟರ್ನರ್ ಬೇಡ, ಸುಮ್ಮನೆ ಬೇಗ ಮುಚ್ಚಿಸುತ್ತದೆ. ನಾವು ಕೋಲ್ಮನ್ ಅಂಕಿಯನ್ನೂ ದಾಟಿ, ಕೇಸಿಂಗ್ ಒತ್ತಡ ತಳ ಕಂಡು ಮತ್ತೆ ಮೇಲೇಳಲು ಶುರುವಾದಾಗ ಮುಚ್ಚುತ್ತೇವೆ. ಎಷ್ಟು ಪಿಎಸ್‌ಐ ಎದ್ದ ಮೇಲೆ, ಎಷ್ಟು ಹೊತ್ತು ಸರಾಸರಿ ತೆಗೆದು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಹಿಡಿಯಲು ನಮಗೆ ಒಂದು ಚಳಿಗಾಲ ಪೂರ್ತಿ ಬೇಕಾಯಿತು.

ಪ್ಲಂಜರ್ ಬರದಿದ್ದಾಗ ಈಗಿನ ಕ್ರಮ: ಮೊದಲ ಸಲ ಮುಚ್ಚಿ, ಮಾಮೂಲಿನ ಎರಡರಷ್ಟು ಹೊತ್ತು ಒತ್ತಡ ಕಟ್ಟುವುದು. ಎರಡನೇ ಸಲ ಲೋಡ್ ಫ್ಯಾಕ್ಟರ್ 0.35ಕ್ಕೆ ಇಳಿಯುವ ತನಕ ಕಾಯುವುದು. ಮೂರನೇ ಸಲ ಅಲಾರಂ. ಆಮೇಲೂ ವೆಂಟ್ ಬೇಕೇ ಬೇಕೆಂದರೆ ಪಂಪರ್ ಎದುರಿಗೇ ನಿಂತಿರಬೇಕು, ಹೆಚ್ಚೆಂದರೆ 10 ನಿಮಿಷ, ಪ್ಲಂಜರ್ ಬಂದ ಕ್ಷಣ ಮುಚ್ಚಬೇಕು.

ಇಪಿಎ (ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ) ಸೂತ್ರದಲ್ಲಿ ಒಂದು ಸಲದ ಟ್ಯೂಬಿಂಗ್ ವೆಂಟ್ ಎಂದರೆ 0.00037 × ಒಳವ್ಯಾಸದ ವರ್ಗ × ಆಳ × ಒತ್ತಡ. ಇಲ್ಲಿನ ಎತ್ತರದಲ್ಲಿ ವಾತಾವರಣದ ಒತ್ತಡ 12 ಪಿಎಸ್‌ಐ ಮಾತ್ರ, 14.7 ಹಾಕಬೇಡಿ. 220ಕ್ಕೆ 12 ಸೇರಿಸಿದ 232 ಅಬ್ಸಲ್ಯೂಟ್‌ಗೆ ಸುಮಾರು 1,700 ಘನ ಅಡಿ ಬರುತ್ತದೆ. ಇದು ಸಣ್ಣದು. ಹಾಳು ಮಾಡುತ್ತಿದ್ದುದು ಆಮೇಲೆ ವಾಲ್ವ್ ತೆರೆದೇ ಇರುತ್ತಿದ್ದ ಗಂಟೆಗಳು: ದಿನಕ್ಕೆ 100 ಎಂಸಿಎಫ್ ಬಾವಿಯಲ್ಲಿ ಗಂಟೆಗೆ 4ಕ್ಕೂ ಹೆಚ್ಚು. ನೆನಪಿನಿಂದ ಹೇಳುವುದಾದರೆ ಬಾವಿಯೊಂದಕ್ಕೆ ವರ್ಷಕ್ಕೆ 800 ಎಂಸಿಎಫ್ ಹೋಗುತ್ತಿತ್ತು, ಈಗ 30 ದಾಟುವುದಿಲ್ಲ. ಫೋರ್ ಕಾರ್ನರ್ಸ್ (ನಾಲ್ಕು ರಾಜ್ಯಗಳು ಸೇರುವ ಈ ಪ್ರದೇಶ) ಮೇಲೆ ಉಪಗ್ರಹಕ್ಕೆ ಕಂಡ ಮೀಥೇನ್ ರಾಶಿಯ ವರದಿ 2014ರಲ್ಲಿ ಬಂದಾಗಿನಿಂದ ಈ ಲೆಕ್ಕ ನನ್ನನ್ನು ಕಾಡುತ್ತಿತ್ತು. ಈಗಂತೂ 2026ರ ಕೊನೆಗೆ 98% ಅನಿಲ ಹಿಡಿದಿಡಬೇಕೆಂದು ರಾಜ್ಯದ ನಿಯಮವೇ ಇದೆ.

ಖರ್ಚು: ಕಂಟ್ರೋಲರ್, ಮೂರು ಟ್ರಾನ್ಸ್‌ಮಿಟರ್ (ಒತ್ತಡಮಾಪಕ), ಅರೈವಲ್ ಸೆನ್ಸರ್, ರೇಡಿಯೊ, ಸೋಲಾರ್, ಬ್ಯಾಟರಿ ಸೇರಿ ಬಾವಿಗೆ 8,000 ಡಾಲರ್ ಹತ್ತಿರ. ವೆಂಟ್ ಉಳಿತಾಯವೊಂದೇ ಆದರೆ ಎಂಸಿಎಫ್‌ಗೆ 3 ಡಾಲರ್‌ನಂತೆ ಮೂರು ವರ್ಷಕ್ಕೂ ಮೀರಿ ಹಿಡಿಯುತ್ತಿತ್ತು. ಬಾವಿ ಹಗುರಾಗಿ ದಿನಕ್ಕೆ 8-10 ಎಂಸಿಎಫ್ ಹೆಚ್ಚು ಕೊಟ್ಟಿದ್ದರಿಂದ ಒಂದು ವರ್ಷದೊಳಗೇ ಹಣ ವಾಪಸ್. ಮ್ಯಾನೇಜರ್ ಮುಂದೆ ಮೊದಲು ಈ ಎರಡನೇ ಅಂಕಿಯನ್ನೇ ಇಡಿ.

ಟ್ರಾನ್ಸ್‌ಮಿಟರ್ ಕೊಳ್ಳುವಾಗ ನಾವು ತಪ್ಪಿದೆವು. ಸ್ಟೋರಿನಲ್ಲಿದ್ದ 3,000 ಪಿಎಸ್‌ಐ ರೇಂಜಿನವನ್ನೇ ಹಾಕಿದೆವು. 0.25% ದೋಷ ಎಂದರೆ 7.5 ಪಿಎಸ್‌ಐ, ಎರಡು ಟ್ರಾನ್ಸ್‌ಮಿಟರ್ ಎದುರುಬದುರಾಗಿ ತಪ್ಪಿದರೆ 60ರಲ್ಲಿ 15 ಸುಳ್ಳು. ಬಾವಿಯ ಗರಿಷ್ಠ ಶಟ್-ಇನ್ (ಮುಚ್ಚಿದಾಗಿನ) ಒತ್ತಡ ನೋಡಿಕೊಂಡು 500ರ ರೇಂಜ್ ಹಾಕಿದ ಮೇಲೆ ದೋಷ 1.25ಕ್ಕೆ ಇಳಿಯಿತು.

ಲೋಡ್ ಫ್ಯಾಕ್ಟರ್ ತೀರಾ ಚೆನ್ನಾಗಿ ಕಂಡರೂ ಅನುಮಾನ ಪಡಿ. ಎರಡು ಬಾವಿಗಳಲ್ಲಿ ಅದು ಸೊನ್ನೆಗೆ ಹತ್ತಿರವಿತ್ತು, ಪ್ಲಂಜರ್ ಮಾತ್ರ ಬರುತ್ತಿರಲಿಲ್ಲ. ಟ್ಯೂಬಿಂಗ್ ತೂತಾಗಿ ಎರಡೂ ಕಡೆಯ ಒತ್ತಡ ಸಮವಾಗಿತ್ತು. ಪ್ಲಂಜರ್ ಬಿಡುವ ಮುಂಚೆ 1.901 ಇಂಚಿನ ಗೇಜ್ ರಿಂಗ್ (ಟ್ಯೂಬಿಂಗ್ ಒಳಗೆ ಅಡೆತಡೆ ಇದೆಯೇ ಎಂದು ನೋಡುವ ಉಂಗುರ) ಇಳಿಸುವುದನ್ನಂತೂ ತಪ್ಪಿಸಬೇಡಿ. ಸ್ಕೇಲ್ (ಒಳಗೆ ಕಟ್ಟಿದ ಖನಿಜದ ಪದರ) ಇದ್ದರೆ ಅಲ್ಲೇ ಗೊತ್ತಾಗುತ್ತದೆ.

ನಡುವೆ ಬಲ ಕಡಿಮೆ ಇದ್ದ ಬಾವಿಗಳಿಗೆ ಹಗುರಾದ ಟೈಟಾನಿಯಂ ಪ್ಲಂಜರ್ ಹಾಕಿದೆವು. ಪ್ಲಂಜರ್ ಚೆನ್ನಾಗಿಯೇ ಬಂತು, ಆದರೆ ಮ್ಯಾಗ್ನೆಟಿಕ್ ಸೆನ್ಸರ್‌ಗೆ ಟೈಟಾನಿಯಂ ಕಾಣುವುದಿಲ್ಲ. ಬಂದಿಲ್ಲವೆಂದುಕೊಂಡು ಕಂಟ್ರೋಲರ್ ಬಾವಿಯನ್ನು ಮುಚ್ಚಿ ಮುಚ್ಚಿ ಇಟ್ಟಿತು. ಬಡಿತ ಗ್ರಹಿಸುವ ಸೆನ್ಸರ್ ಹಾಕಿದೆವು, ಅದು ಪಕ್ಕದ ಕಂಪ್ರೆಸರ್ ನಡುಕವನ್ನೂ ಎಣಿಸಿತು. ಅದನ್ನು ಬಗೆಹರಿಸಿದ ಬಗೆ ಸದ್ಯಕ್ಕೆ ನಮ್ಮಲ್ಲೇ ಇರಲಿ. ಸೋಪ್ ಸ್ಟಿಕ್ (ನೀರನ್ನು ನೊರೆ ಮಾಡುವ ಸೋಪಿನ ಕಡ್ಡಿ) ಜೊತೆಗೂ ಪ್ರಯೋಗಿಸಿದೆವು. ನೊರೆ ಸೆಪರೇಟರ್‌ವರೆಗೆ (ನೀರು, ಅನಿಲ ಬೇರ್ಪಡಿಸುವ ಪಾತ್ರೆ) ಹೋಗಿ ಡಂಪ್ ವಾಲ್ವ್ ಕೆಡಿಸಿತು, ಕೈಬಿಟ್ಟೆವು.

ಚಳಿಗಾಲಕ್ಕೆ ಮುನ್ನ ಮೋಟರ್ ವಾಲ್ವ್‌ನ ಸಪ್ಲೈ ಗ್ಯಾಸ್‌ಗೆ (ವಾಲ್ವ್ ಓಡಿಸುವ ಅನಿಲ) ಡ್ರಿಪ್ ಪಾಟ್ (ತೇವ ಹಿಡಿಯುವ ಪಾತ್ರೆ) ಇಡಿ. ಆ ಗ್ಯಾಸ್‌ನಲ್ಲಿ ತೇವ ಹೆಪ್ಪುಗಟ್ಟಿದರೆ ವಾಲ್ವ್ ಅರ್ಧಕ್ಕೇ ನಿಲ್ಲುತ್ತದೆ. ಹನ್ನೆರಡು ಬಾವಿಗಳಿಗೆ ವಿದ್ಯುತ್ ಆಕ್ಚುಯೇಟರ್ ಹಾಕಿದ್ದೇವೆ, ಹೀಗಾಗಿ ಅಲ್ಲಿ ವಾಲ್ವ್ ಓಡಿಸಲು ಬಿಡುತ್ತಿದ್ದ ಅನಿಲವೂ ನಿಂತಿತು. ಅವಕ್ಕೆ ಹಳೆಯ 35 ಆಂಪಿಯರ್-ಅವರ್ ಬ್ಯಾಟರಿ ಹಿಮದ ವಾರಗಳಲ್ಲಿ ಸಾಲದು, 100 ಬೇಕು.

ಪ್ಲಗ್ ಬಿಗಿಯದೆ ಉಳಿದ ಒಂಬತ್ತರಲ್ಲಿ ನಾಲ್ಕಕ್ಕೆ ಪ್ಯಾಕರ್ (ಟ್ಯೂಬಿಂಗ್, ಕೇಸಿಂಗ್ ನಡುವಿನ ಜಾಗ ಮುಚ್ಚುವ ಬಿರಡೆ) ಇದೆ. ಅಲ್ಲಿ ಓದಲು ಕೇಸಿಂಗ್ ಒತ್ತಡವೇ ಸಿಗುವುದಿಲ್ಲ. ಮುಚ್ಚಿದ ಮೇಲೆ ಟ್ಯೂಬಿಂಗ್ ಒತ್ತಡ ಏರುವ ವೇಗದಿಂದ ನೀರು ಅಂದಾಜಿಸುತ್ತಿದ್ದೇವೆ. ನಾಲ್ಕರಲ್ಲಿ ಒಂದು ಈಗ ಆರು ವಾರಗಳಿಂದ ವೆಂಟ್ ಇಲ್ಲದೆ ಓಡುತ್ತಿದೆ.