ನೀರಿನ ಬಿಲ್ಲಿನಲ್ಲೇ ರಸ್ತೆ ರಿಪೇರಿ: ಶುಲ್ಕ ಗೊತ್ತುಮಾಡುವುದು ಹೀಗೆ

ಟೆಕ್ಸಾಸ್‌ನ ಆಸ್ಟಿನ್‌ನಲ್ಲೋ ಒರೆಗಾನ್‌ನ ಹಿಲ್ಸ್‌ಬರೋದಲ್ಲೋ ಮನೆ ಮಾಡಿಕೊಂಡಿರುವ ನಮ್ಮವರಿಗೆ ಇದು ಗೊತ್ತು. ನಗರಾಡಳಿತ ಕಳಿಸುವ ನೀರು, ಒಳಚರಂಡಿಯ ಬಿಲ್ಲಿನಲ್ಲಿ ರಸ್ತೆಗೂ ಒಂದು ಸಾಲು ಇರುತ್ತದೆ. ಆಸ್ಟಿನ್ ಇದನ್ನು ಶುರುಮಾಡಿದ್ದು 1991ರಲ್ಲಿ. ಅದಕ್ಕೂ ಮೊದಲು, 1984ರಲ್ಲಿ, ಕೊಲರಾಡೊದ ಫೋರ್ಟ್ ಕಾಲಿನ್ಸ್ ದಾರಿ ತೋರಿಸಿತ್ತು. ನೀರು, ಕರೆಂಟಿನಂತೆ ರಸ್ತೆಯೂ ಒಂದು ಸೇವೆ, ಬಳಸುವವರು ತಿಂಗಳು ತಿಂಗಳು ಕೊಡಲಿ ಎಂಬುದು ಇದರ ತಿರುಳು.

ಇದರ ಅಗತ್ಯವೇಕೆ ಬಿತ್ತು? ಅಮೆರಿಕದ ಕೇಂದ್ರ ಸರ್ಕಾರ ಒಂದು ಗ್ಯಾಲನ್ ಪೆಟ್ರೋಲಿಗೆ ಹಾಕುವ 18.4 ಸೆಂಟ್ ತೆರಿಗೆ 1993ರಿಂದ ಏರಿಲ್ಲ. ಡಾಂಬರಿನ ಬೆಲೆ ನಿಂತಲ್ಲಿ ನಿಂತಿಲ್ಲ, ಕಾರುಗಳು ಕುಡಿಯುವ ಪೆಟ್ರೋಲ್ ಕಡಿಮೆಯಾಗಿದೆ. ಒರೆಗಾನ್‌ನಲ್ಲಂತೂ 1990 ಮತ್ತು 1997ರಲ್ಲಿ ಮತದಾರರೇ ಆಸ್ತಿ ತೆರಿಗೆಗೆ ಕಡಿವಾಣ ಹಾಕಿದರು. ಅಲ್ಲಿನ ಸಣ್ಣ ಊರುಗಳು ಈ ಶುಲ್ಕದತ್ತ ಹೊರಳಿದ್ದು ಅದಕ್ಕೇ.

ಮೊದಲು ಕಾನೂನು ನೋಡಿ

ಎಂಜಿನಿಯರ್‌ಗಿಂತ ಮುಂಚೆ ವಕೀಲರನ್ನು ಕರೆಯಬೇಕು. ಇದು ಶುಲ್ಕವೋ, ಶುಲ್ಕದ ವೇಷ ತೊಟ್ಟ ತೆರಿಗೆಯೋ ಎಂಬ ಪ್ರಶ್ನೆ ಬಹಳ ಊರುಗಳನ್ನು ಕೆಡವಿದೆ. ಐಡಾಹೊದ ಪೊಕಟೆಲ್ಲೊ 1988ರಲ್ಲಿ, ಫ್ಲಾರಿಡಾದ ಪೋರ್ಟ್ ಆರೆಂಜ್ 1994ರಲ್ಲಿ ತಮ್ಮ ತಮ್ಮ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಸೋತವು. ಕ್ಯಾನ್ಸಸ್‌ನ ಮಿಷನ್ ಎಂಬ ಪುಟ್ಟ ಊರಿನ ಶುಲ್ಕವನ್ನು ವಿರೋಧಿಗಳು ‘ಡ್ರೈವ್‌ವೇ ತೆರಿಗೆ’ (ಡ್ರೈವ್‌ವೇ ಎಂದರೆ ಮನೆಯಿಂದ ರಸ್ತೆಗೆ ಕಾರು ಇಳಿಯುವ ದಾರಿ) ಎಂದು ಹಂಗಿಸುತ್ತಿದ್ದರು. 2017ರಲ್ಲಿ ಕೋರ್ಟೂ ಅದು ತೆರಿಗೆಯೇ ಎಂದಿತು. 2023ರಲ್ಲಿ ವಿಸ್ಕಾನ್ಸಿನ್‌ನ ಬ್ಯುಕ್ಯಾನನ್‌ಗೂ ಅದೇ ಗತಿ. ಗೆದ್ದದ್ದು ಫೋರ್ಟ್ ಕಾಲಿನ್ಸ್, 1989ರಲ್ಲಿ. ಅಲ್ಲೂ ಕೋರ್ಟ್ ಒಂದು ಗೆರೆ ಎಳೆಯಿತು: ಉಳಿದ ಹಣವನ್ನು ಬೇರೆ ಖರ್ಚಿಗೆ ತಿರುಗಿಸುವಂತಿಲ್ಲ. ನನ್ನ ಲೆಕ್ಕದಲ್ಲಿ ಇಡೀ ವ್ಯವಸ್ಥೆಯ ಜೀವಾಳ ಆ ಗೆರೆಯೇ.

ರಸ್ತೆಗಳ ಆರೋಗ್ಯ ಅಳೆಯಿರಿ

ಪ್ರತಿ ರಸ್ತೆಯ ಬಿರುಕು, ಗುಂಡಿ, ಚಕ್ರದ ಜಾಡಿನ ತಗ್ಗು ನೋಡಿ 0ಯಿಂದ 100ರೊಳಗೆ ಅಂಕ ಕೊಡುತ್ತಾರೆ. ಹೆಚ್ಚು ಅಂಕದ ರಸ್ತೆಗೆ ಬಿರುಕು ಮುಚ್ಚಿ ತೆಳು ಲೇಪ ಕೊಟ್ಟರೆ ಸಾಕು. ಅಂಕ ತೀರಾ ಇಳಿದರೆ ಬುಡದಿಂದ ಅಗೆದು ಕಟ್ಟಬೇಕು, ಖರ್ಚು ಹಲವು ಪಟ್ಟು. ಹಾಗಾಗಿ ಹಣ ಮೊದಲು ಹೋಗಬೇಕಾದ್ದು ಇನ್ನೂ ಚೆನ್ನಾಗಿರುವ ರಸ್ತೆಗೆ. ತನ್ನ ಬೀದಿಯ ಗುಂಡಿ ಹಾಗೇ ಇರುವಾಗ ಪಕ್ಕದ ಒಳ್ಳೆಯ ಬೀದಿಗೆ ಡಾಂಬರು ಬೀಳುವುದನ್ನು ನೋಡಿದವನಿಗೆ ಸಿಟ್ಟು ಬರದೇ ಇರುತ್ತದೆಯೇ? ಬಿಲ್ ಕಳಿಸುವ ಮುಂಚೆಯೇ ಇದನ್ನು ಜನರಿಗೆ ಬಿಡಿಸಿ ಹೇಳುವುದು ಜಾಣತನ.

ಓಡಾಟ ಎಣಿಸಿ, ಖರ್ಚು ಹಂಚಿ

ಇಲ್ಲೇ ನಿಜವಾದ ಕೆಲಸ. ಮನೆಯಿಂದ ಕಾರು ಹೋದರೆ ಒಂದು ಓಡಾಟ, ಮರಳಿದರೆ ಇನ್ನೊಂದು. ಪಾರ್ಸೆಲ್ ವ್ಯಾನು, ನೆಂಟರ ಕಾರೂ ಲೆಕ್ಕಕ್ಕೆ ಬರುತ್ತವೆ. ಅಮೆರಿಕದ ಸಾರಿಗೆ ಎಂಜಿನಿಯರ್‌ಗಳ ಸಂಸ್ಥೆಯ ಕೋಷ್ಟಕದ ಪ್ರಕಾರ ಒಂಟಿ ಮನೆಯೊಂದಕ್ಕೆ ವಾರದ ದಿನಗಳಲ್ಲಿ ಸುಮಾರು 9.4 ಓಡಾಟ. ಅಪಾರ್ಟ್‌ಮೆಂಟಿನ ಒಂದು ಮನೆಗೆ ಏಳಕ್ಕಿಂತ ಕಡಿಮೆ.

ಒಂದು ಊರನ್ನು ಊಹಿಸಿಕೊಳ್ಳಿ. ಹತ್ತು ಸಾವಿರ ಒಂಟಿ ಮನೆ, ಅಂದರೆ ದಿನಕ್ಕೆ 94,000 ಓಡಾಟ. ಅಂಗಡಿ, ಕಚೇರಿ, ಶಾಲೆಗಳದ್ದು 1,06,000. ಒಟ್ಟು ಎರಡು ಲಕ್ಷ. ವರ್ಷದ ರಿಪೇರಿಗೆ 24 ಲಕ್ಷ ಡಾಲರ್ ಬೇಕು. ಭಾಗಿಸಿದರೆ ದಿನದ ಪ್ರತಿ ಓಡಾಟದ ಮೇಲೆ ವರ್ಷಕ್ಕೆ 12 ಡಾಲರ್, ತಿಂಗಳಿಗೆ ಒಂದು ಡಾಲರ್. ಮನೆಯ ಬಿಲ್ಲು 9.40 ಡಾಲರ್.

ಇಲ್ಲಿಯವರೆಗೆ ಸಲೀಸು. ಕಾರಿನಿಂದ ಇಳಿಯದೆ ತಿಂಡಿ ಕೊಳ್ಳುವ ಹೋಟೆಲಿಗೆ ಇದೇ ಸೂತ್ರ ಹಾಕಿ ನೋಡಿ. ಪ್ರತಿ ಸಾವಿರ ಚದರಡಿಗೆ ಓಡಾಟ ನಾನೂರು ದಾಟುತ್ತದೆ. ಮೂರು ಸಾವಿರ ಚದರಡಿಯ ಹೋಟೆಲಿಗೆ ತಿಂಗಳಿಗೆ 1,200 ಡಾಲರ್ ಮೀರಿದ ಬಿಲ್ಲು! ಮಾಲೀಕ ಕೋರ್ಟಿಗೆ ಹೋಗದೆ ಇನ್ನೇನು ಮಾಡಿಯಾನು? ಅವನ ವಾದದಲ್ಲಿ ಹುರುಳೂ ಇದೆ: ಗಿರಾಕಿಗಳಲ್ಲಿ ಬಹಳಷ್ಟು ಮಂದಿ ಹೇಗೂ ಆ ರಸ್ತೆಯಲ್ಲಿ ಹೋಗುತ್ತಿದ್ದವರು, ದಾರಿಯಲ್ಲಿ ನಿಲ್ಲಿಸಿದವರು ಅಷ್ಟೆ. ಅದಕ್ಕೇ ಇಂಥ ಓಡಾಟವನ್ನು ಕಳೆಯುವುದು, ವ್ಯಾಪಾರಗಳನ್ನು ಕೆಲವೇ ಗುಂಪುಗಳಾಗಿ ವಿಂಗಡಿಸುವುದು, ಗರಿಷ್ಠ ಮಿತಿ ಹಾಕುವುದು ಇವೆಲ್ಲ ಬೇಕಾಗುತ್ತವೆ. ಆಸ್ತಿ ತೆರಿಗೆ ಕಟ್ಟದ ಚರ್ಚು, ಸರ್ಕಾರಿ ಕಚೇರಿಗಳೂ ಈ ಲೆಕ್ಕದೊಳಗೆ ಬರಬಹುದೆಂಬುದು ಇದರ ದೊಡ್ಡ ಅನುಕೂಲ.

ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆಯ ಜೊತೆ ಕಸದ ಶುಲ್ಕ ಸೇರಿದೆ. ಮನೆಗಳಿಗೆ ಕಟ್ಟಡದ ವಿಸ್ತೀರ್ಣದ ಮೇಲೆ ತಿಂಗಳಿಗೆ 10ರಿಂದ 400 ರೂಪಾಯಿ. ರಸ್ತೆಗೆ ವಿಸ್ತೀರ್ಣವೊಂದೇ ಸಾಲದು. ಸಾವಿರ ಚದರಡಿಯ ಗೋದಾಮಿಗೂ ಅಷ್ಟೇ ಅಗಲದ ದರ್ಶಿನಿಗೂ ಎದುರು ನಿಲ್ಲುವ ಗಾಡಿಗಳಲ್ಲಿ ಅಜಗಜಾಂತರ.

ಬಿಲ್ಲು, ಬೇರೆ ಖಾತೆ, ವಿನಾಯಿತಿ

ಬಿಲ್ಲು ಆಸ್ತಿಯ ಮಾಲೀಕನಿಗಲ್ಲ, ಅಲ್ಲಿ ವಾಸವಿದ್ದು ನೀರಿನ ಸಂಪರ್ಕ ಹೊಂದಿರುವವನಿಗೆ ಹೋಗುವುದು ರೂಢಿ. ಬಂದ ಹಣಕ್ಕೆ ಪ್ರತ್ಯೇಕ ಖಾತೆ, ವರ್ಷಕ್ಕೊಮ್ಮೆ ಯಾವ ರಸ್ತೆಗೆ ಎಷ್ಟು ಹೋಯಿತೆಂಬ ಪಟ್ಟಿ. ನಲ್ಲಿ ಸಂಪರ್ಕವಿಲ್ಲದ, ಕೊಳವೆಬಾವಿ ನಂಬಿದ ಮನೆಗಳನ್ನು ಬೇರೆಯಾಗಿ ಹುಡುಕಬೇಕು.

ವಿನಾಯಿತಿಯ ನಿಯಮ ಊರಿಂದೂರಿಗೆ ಬೇರೆ. ಆಸ್ಟಿನ್‌ನಲ್ಲಿ 65 ತುಂಬಿದವರು, ಸ್ವಂತ ವಾಹನವಿಲ್ಲದವರು ಕೇಳಬಹುದು, ಆದರೆ ಕೇಳಿದರೆ ಮಾತ್ರ. ಮಕ್ಕಳ ಮನೆಯಲ್ಲಿರುವ ಅಪ್ಪ-ಅಮ್ಮನ ವಯಸ್ಸು ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಬಿಲ್ಲು ಯಾರ ಹೆಸರಿನಲ್ಲಿದೆಯೋ ಅವರದ್ದು ನೋಡುತ್ತಾರೆ. ಅಂಗಡಿ ಇಟ್ಟವರು ತಮ್ಮನ್ನು ಯಾವ ಗುಂಪಿಗೆ ಸೇರಿಸಿದ್ದಾರೆಂದು ಮೊದಲು ವಿಚಾರಿಸಿಕೊಳ್ಳಲಿ. ಹೊಲಿಗೆ ಅಂಗಡಿ ಹೋಟೆಲಿನ ಗುಂಪಿನಲ್ಲಿ ಕುಳಿತಿದ್ದರೆ ಮೇಲ್ಮನವಿಗೆ ಅದೊಂದೇ ಕಾರಣ ಸಾಕು.