ಮಗುವನ್ನು ದತ್ತು ಕೊಡುವ ಮುನ್ನ ಹೆತ್ತವರು ತಿಳಿದಿರಬೇಕಾದ ಹಕ್ಕುಗಳು

ಸಾಕಲಾಗದ ಸ್ಥಿತಿಯಲ್ಲಿ ಮಗುವನ್ನು ದತ್ತಿಗೆ ಒಪ್ಪಿಸುವುದು ಅಪರಾಧವಲ್ಲ. 2015ರ ಬಾಲ ನ್ಯಾಯ ಕಾಯ್ದೆಯ 35ನೇ ಕಲಮಿನಲ್ಲಿ ಅದಕ್ಕೆಂದೇ ದಾರಿಯಿದೆ. ಮಗುವನ್ನು ಎತ್ತಿಕೊಂಡು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಬೇಕು. ಸಮಿತಿ ಎಲ್ಲಿದೆಯೆಂದು ಗೊತ್ತಿಲ್ಲದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಸಮಿತಿ ನಿಮ್ಮನ್ನು ವಿಚಾರಿಸಿ, ಆಪ್ತಸಮಾಲೋಚನೆ ಮಾಡಿಸುತ್ತದೆ. ಕಷ್ಟವೇನೆಂದು ಅಲ್ಲಿ ಮುಚ್ಚುಮರೆಯಿಲ್ಲದೆ ಹೇಳಿ. ದುಡ್ಡಿನದ್ದಷ್ಟೇ ತೊಂದರೆಯಾದರೆ ಮಕ್ಕಳ ರಕ್ಷಣೆಗಿರುವ ಸರ್ಕಾರಿ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ನೆರವು ನಿಮಗೆ ಸಿಗಬಹುದೇ ಎಂದು ಕೇಳಿ. ಕೇಳದವರಿಗೆ ಇದನ್ನು ಯಾರೂ ಹೇಳದೆ ಹೋಗಬಹುದು.

ದಂಪತಿಯಾದರೆ ಒಪ್ಪಿಸುವ ಪತ್ರಕ್ಕೆ ಇಬ್ಬರದೂ ಸಹಿ ಬೇಕು. ಒಬ್ಬರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ತನ್ನಿ. ಮದುವೆಯಾಗದೆ ಹುಟ್ಟಿದ ಮಗುವನ್ನು ಒಪ್ಪಿಸುವ ಹಕ್ಕು ತಾಯಿಯೊಬ್ಬಳದೇ. ತಂದೆಯಾಗಲಿ, ಅವಳ ಮನೆಯವರಾಗಲಿ ಅವಳ ಪರವಾಗಿ ಸಹಿ ಹಾಕುವಂತಿಲ್ಲ. ಅವಳು ಅಪ್ರಾಪ್ತೆಯಾದರೆ ಜೊತೆಗೆ ಬಂದ ವಯಸ್ಕರೊಬ್ಬರು ಸಾಕ್ಷಿಯಾಗಿ ಸಹಿ ಹಾಕಬೇಕು.

ಸಹಿ ಹಾಕಿದರೆ ಎಲ್ಲ ಮುಗಿಯಿತೆಂದು ತಿಳಿದು ಎಷ್ಟೋ ತಾಯಂದಿರು ಸುಮ್ಮನಾಗಿಬಿಡುತ್ತಾರೆ. ಮುಗಿದಿರುವುದಿಲ್ಲ. ಮನಸ್ಸು ಬದಲಿಸಲು ಎರಡು ತಿಂಗಳ ಕಾಲಾವಕಾಶವಿದೆ. ಅಷ್ಟರವರೆಗೆ ಆರು ವರ್ಷದೊಳಗಿನ ಮಗು ವಿಶೇಷ ದತ್ತು ಸಂಸ್ಥೆಯಲ್ಲಿರುತ್ತದೆ, ಇಲ್ಲವೇ ಸಮಿತಿಯ ಮೇಲ್ವಿಚಾರಣೆಯಲ್ಲಿ ನಿಮ್ಮ ಬಳಿಯೇ ಇರಬಹುದು. ಮಗು ಬೇಕೆನಿಸಿದರೆ ಸಮಿತಿಗೆ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಬಾಯಿಮಾತಿನಲ್ಲಿ ಹೇಳಿ ಬಂದರೆ ಆಮೇಲೆ ಪುರಾವೆ ಇರುವುದಿಲ್ಲ. ಒಪ್ಪಿಸುವ ಪತ್ರದ ಮೇಲಿನ ದಿನಾಂಕ ಗುರುತು ಹಾಕಿಕೊಳ್ಳಿ, ಏಕೆಂದರೆ ಅವಧಿ ಮುಗಿಯುವಾಗ ನಿಮಗೆ ಮತ್ತೆ ನೋಟಿಸ್ ಬರುವುದಿಲ್ಲ.

ಎಡವಟ್ಟಾಗುವುದು ಹೆಚ್ಚಾಗಿ ಹೆರಿಗೆಯ ಹಾಸಿಗೆಯ ಬಳಿ. ‘ಒಳ್ಳೆಯ ಮನೆಯಿದೆ, ಖರ್ಚೆಲ್ಲ ಅವರೇ ನೋಡಿಕೊಳ್ಳುತ್ತಾರೆ’ ಎನ್ನುವ ಮಧ್ಯವರ್ತಿಗೆ ಮಗುವನ್ನು ಕೊಡಬೇಡಿ, ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ದುಡ್ಡಿಗೆ ಮಗುವನ್ನು ಮಾರುವುದೂ ಕೊಳ್ಳುವುದೂ 5 ವರ್ಷದವರೆಗಿನ ಕಠಿಣ ಸಜೆಯ ಅಪರಾಧ. ಮಗುವಿನ ಹೊಣೆ ಹೊತ್ತ ಆಸ್ಪತ್ರೆ ಸಿಬ್ಬಂದಿಯೇ ಶಾಮೀಲಾದರೆ 3ರಿಂದ 7 ವರ್ಷ. ಆ ದಾರಿಯಲ್ಲಿ ಹೋದರೆ ಮಗು ಯಾರ ಕೈ ಸೇರಿತೆಂಬುದಕ್ಕೆ ದಾಖಲೆಯೂ ಉಳಿಯುವುದಿಲ್ಲ, ಆ ಎರಡು ತಿಂಗಳೂ ನಿಮಗೆ ಸಿಗುವುದಿಲ್ಲ.

ಒಪ್ಪಿಸಿದ ಮಗುವಿನ ಬಗ್ಗೆ ಪತ್ರಿಕಾ ಪ್ರಕಟಣೆ ಹೊರಡಿಸುವಂತಿಲ್ಲ. ಮುಂದೆ ಮಗು ತನ್ನ ಹೆತ್ತವರನ್ನು ಹುಡುಕಿ ಅರ್ಜಿ ಹಾಕಬಹುದು. ಆಗಲೂ ನಿಮ್ಮ ಖಾಸಗಿತನಕ್ಕೆ ಧಕ್ಕೆ ತರುವಂತಿಲ್ಲ.