ಬ್ಯಾಗ್ ಇರುವ ವ್ಯಾಕ್ಯೂಮೋ, ಇಲ್ಲದ್ದೋ? ಧೂಳು ಚೆಲ್ಲುವವರನ್ನು ಮೊದಲು ಕೇಳಿ

ವ್ಯಾಕ್ಯೂಮ್ ಕ್ಲೀನರ್ ಕೊಳ್ಳುವಾಗ ಎಲ್ಲರೂ ನೋಡುವುದು ಅದು ಎಷ್ಟು ಜೋರಾಗಿ ಎಳೆಯುತ್ತದೆ ಅಂತ. ಎಳೆದ ಧೂಳನ್ನು ಆಮೇಲೆ ಮನೆಯಿಂದ ಆಚೆ ಹಾಕುವವರು ಯಾರು, ಹೇಗೆ ಹಾಕುತ್ತಾರೆ ಅಂತ ಒಬ್ಬರೂ ಯೋಚಿಸುವುದಿಲ್ಲ. ಇಡೀ ಮನೆ ಸ್ವಚ್ಛ ಮಾಡಿ, ಕೊನೆಗೆ ಡಬ್ಬಿಯನ್ನು ಅಡುಗೆಮನೆಯ ಕಸದ ಬುಟ್ಟಿಯ ಮೇಲೆ ಎತ್ತಿ ಹಿಡಿದು, ಮುಚ್ಚಳ ತೆರೆದು, ಟಪಟಪ ಬಡಿದು ಬೂದು ಬಣ್ಣದ ಮೋಡ ಎಬ್ಬಿಸುವ ಹುಡುಗ ಹುಡುಗಿಯರನ್ನು ನೋಡಿ ನೋಡಿ ಸಾಕಾಗಿದೆ. ಅರ್ಧ ಗಂಟೆ ಬೆನ್ನು ಬಗ್ಗಿಸಿ ಹಿಡಿದ ಧೂಳಿನಲ್ಲಿ ಅತಿ ಸಣ್ಣದು, ಮೂಗಿನೊಳಗೆ ಹೋಗಿ ಕೂರುವಂಥದ್ದೇ, ಮತ್ತೆ ಮನೆ ತುಂಬಾ ಹರಡಿತಲ್ಲ! ಹೀಗೆ ಮಾಡುವುದಾದರೆ ಯಾವ ವ್ಯಾಕ್ಯೂಮ್ ತಂದರೂ ಒಂದೇ.

ಬ್ಯಾಗ್ ಅಂದರೆ ಬರೀ ಕಸ ತುಂಬುವ ಚೀಲ ಅಂದುಕೊಂಡಿರುತ್ತಾರೆ. ಅದೇ ಮೊದಲ ಫಿಲ್ಟರ್. ಒಳಗೆ ಬಂದ ಗಾಳಿ ಬ್ಯಾಗಿನ ಮೈಯಲ್ಲಿರುವ ಸಣ್ಣ ರಂಧ್ರಗಳಿಂದಲೇ ನುಸುಳಿ ಮೋಟರ್ ಕಡೆಗೆ ಹೋಗುತ್ತದೆ, ಧೂಳು ಒಳಗೇ ಉಳಿಯುತ್ತದೆ. ಹಾಗಾಗಿ ಬ್ಯಾಗ್ ತುಂಬಿದಷ್ಟೂ ಗಾಳಿಗೆ ದಾರಿ ಕಿರಿದಾಗಿ ಎಳೆತ ತಗ್ಗುತ್ತದೆ. ಮುಕ್ಕಾಲು ತುಂಬಿತು ಅನ್ನುವಾಗಲೇ ಬದಲಾಯಿಸಿ, ಬಿರಿಯುವ ತನಕ ಕಾಯಬೇಡಿ. ಗೋಡೆ ಉಜ್ಜಿದ ಪುಡಿ, ಸಿಮೆಂಟಿನ ಧೂಳು ಇಂಥವನ್ನು ಮನೆಯ ವ್ಯಾಕ್ಯೂಮಿಗೆ ತೋರಿಸಲೇಬಾರದು. ಬ್ಯಾಗ್ ಕಾಲು ಭಾಗ ತುಂಬುವಷ್ಟರಲ್ಲಿ ರಂಧ್ರಗಳೆಲ್ಲ ಕಟ್ಟಿಕೊಳ್ಳುತ್ತವೆ. ಒಳಗೆ ಜಾಗ ಇದೆಯಲ್ಲ ಅಂತ ನೀವು ಎಳೆಯುತ್ತಲೇ ಇರುತ್ತೀರಿ, ಮೋಟರ್ ಕಾದು ತಾನೇ ನಿಂತುಹೋಗುತ್ತದೆ. ಸುಟ್ಟುಹೋಯಿತು ಅಂತ ರಿಪೇರಿಗೆ ಹೊತ್ತುಕೊಂಡು ಓಡುವ ಮೊದಲು ಬ್ಯಾಗ್, ಫಿಲ್ಟರ್, ಪೈಪ್ ಮೂರನ್ನೂ ನೋಡಿ, ಒಂದು ಗಂಟೆ ತಣ್ಣಗಾಗಲು ಬಿಡಿ. ಎಷ್ಟೋ ಸಲ ಅಷ್ಟೇ ಸಾಕು.

ಕಾಗದದ ಬ್ಯಾಗಿಗಿಂತ ಹಲವು ಪದರದ ಸಿಂಥೆಟಿಕ್ ಬ್ಯಾಗ್ ಒಳ್ಳೆಯದು. ಚೂಪಾದದ್ದು ತಗುಲಿದರೆ ಬೇಗ ಹರಿಯುವುದಿಲ್ಲ, ರಂಧ್ರಗಳೂ ನಿಧಾನಕ್ಕೆ ಕಟ್ಟುತ್ತವೆ. ಬಾಯಿ ಮುಚ್ಚಲು ಜಾರುವ ಮುಚ್ಚಳ ಇರುವುದನ್ನೇ ಆರಿಸಿ. ಹೊರಗೆ ತೆಗೆಯುವ ಮೊದಲು ಅದನ್ನು ಸರಿಸಿಬಿಟ್ಟರೆ ಒಂದು ಚಿಟಿಕೆ ಧೂಳೂ ಆಚೆ ಬರುವುದಿಲ್ಲ. ಇನ್ನು ಕೆಲವರು ಒಮ್ಮೆ ಬಳಸಿ ಎಸೆಯುವ ಬ್ಯಾಗಿನ ತಳ ಕತ್ತರಿಸಿ, ಕಸ ಕೊಡವಿ, ಪಿನ್ ಹೊಡೆದು ಮತ್ತೆ ಹಾಕುತ್ತಾರೆ. ಅದು ಉಳಿತಾಯ ಅಲ್ಲವೇ ಅಲ್ಲ. ಕಟ್ಟಿಕೊಂಡ ರಂಧ್ರ ಕೊಡವಿದರೆ ತೆರೆಯುವುದಿಲ್ಲ, ಪಿನ್ನಿನ ಸಂದಿಯಿಂದ ಧೂಳು ನೇರ ಮೋಟರಿಗೆ ಹೋಗುತ್ತದೆ. ಹಿಂದೆ ಬಟ್ಟೆಯ ಬ್ಯಾಗ್ ಬರುತ್ತಿತ್ತು, ಅದನ್ನು ಹೊರಗೆ ಒಯ್ದು ಗಾಳಿಗೆ ಬೆನ್ನು ಮಾಡಿ ನಿಂತು ಕೊಡವುತ್ತಿದ್ದರು. ಅದು ಕೊಡವಲೆಂದೇ ಹೊಲಿದ ಬ್ಯಾಗು. ಕಾಗದದ್ದು ಹಾಗಲ್ಲ.

ಬ್ಯಾಗ್ ಇಲ್ಲದ್ದರಲ್ಲಿ ಗಾಳಿಯನ್ನು ಡಬ್ಬಿಯೊಳಗೆ ಸುಳಿಯ ಹಾಗೆ ಗಿರಗಿರ ತಿರುಗಿಸುತ್ತಾರೆ. ಭಾರದ ಕಸ ಡಬ್ಬಿಯ ಗೋಡೆಗೆ ಎಸೆಯಲ್ಪಟ್ಟು ಕೆಳಗೆ ಬೀಳುತ್ತದೆ. ಮರ ಕೊಯ್ಯುವ ಮಿಲ್ಲುಗಳಲ್ಲಿ ಹೊಟ್ಟನ್ನು ಬೇರ್ಪಡಿಸುವುದೂ ಹೀಗೆಯೇ. ಆದರೆ ಹಿಟ್ಟಿನಂಥ ನುಣ್ಣನೆಯ ಧೂಳು ಪೂರ್ತಿ ಬೀಳುವುದಿಲ್ಲ, ಗಾಳಿಯ ಜೊತೆ ಮುಂದೆ ಹೋಗಿ ಫಿಲ್ಟರಿಗೆ ಮೆತ್ತಿಕೊಳ್ಳುತ್ತದೆ. ಬ್ಯಾಗ್ ಕೊಳ್ಳುವ ಖರ್ಚಿಲ್ಲ ಅನ್ನುವುದು ನಿಜ, ಅದರ ಬದಲಿಗೆ ಫಿಲ್ಟರ್ ತೊಳೆಯುವ ಕೆಲಸ ನಿಮ್ಮ ತಲೆಯ ಮೇಲೆ ಬಂತು ಅನ್ನುವುದೂ ಅಷ್ಟೇ ನಿಜ. ಡಬ್ಬಿಯ ಮೇಲೆ ಒಂದು ಗೆರೆ ಎಳೆದಿರುತ್ತಾರೆ ನೋಡಿ, ಅದನ್ನು ದಾಟಿ ತುಂಬಿಸಿದರೆ ಸುಳಿ ಕೆಟ್ಟು ಕಸವೆಲ್ಲ ಫಿಲ್ಟರಿಗೇ ಹತ್ತುತ್ತದೆ. ಆ ಗೆರೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದವರು ಮೂರು ತಿಂಗಳಿಗೆ ಮೆಷಿನ್ ಸರಿಯಿಲ್ಲ ಅಂತ ದೂರುತ್ತಾರೆ.

ಈಗ ಡಬ್ಬಿ ಖಾಲಿ ಮಾಡುವುದು ಹೇಗೆ ಅಂತ ಹೇಳುತ್ತೇನೆ, ಒಂದೊಂದು ಹೆಜ್ಜೆಯನ್ನೂ ಬಿಡದೆ ಮಾಡಿ. ಕೆಲಸ ಮುಗಿದ ಕೂಡಲೇ ಡಬ್ಬಿ ಕಳಚಬೇಡಿ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಹತ್ತು ನಿಮಿಷ ಹಾಗೇ ನಿಲ್ಲಿಸಿ. ಒಳಗೆ ತೇಲುತ್ತಿರುವುದು ತಳಕ್ಕೆ ಕೂರಲಿ. ಅಷ್ಟರಲ್ಲಿ ತೂತಿಲ್ಲದ, ಡಬ್ಬಿಯ ಎರಡರಷ್ಟು ಅಗಲದ ಒಂದು ಪ್ಲಾಸ್ಟಿಕ್ ಚೀಲ ತೆಗೆದುಕೊಳ್ಳಿ. ಹಳೆಯ ಪೇಪರಿನ ಎರಡು ಹಾಳೆಗೆ ಕೈಯಿಂದ ನೀರು ಚಿಮುಕಿಸಿ, ಮುದುರಿ, ಮತ್ತೆ ಬಿಡಿಸಿ ಚೀಲದ ತಳಕ್ಕೆ ಹಾಸಿ. ಹಿಂಡಿದರೆ ಹನಿ ಬೀಳಬಾರದು, ಮುಟ್ಟಿದರೆ ತಣ್ಣಗಿರಬೇಕು, ಅಷ್ಟೇ ಒದ್ದೆ. ಬೀಳುವ ಧೂಳನ್ನು ಹಿಡಿದುಕೊಳ್ಳುವುದೇ ಈ ತೇವ. ಹೊರಗೆ, ಗಾಳಿ ಬೀಸದ ಕಡೆ ಹೋಗಿ. ಡಬ್ಬಿಯನ್ನು ಚೀಲದೊಳಗೆ ಇಳಿಸಿ, ಅದರ ತಳದ ಮುಚ್ಚಳ ಪೇಪರಿಗಿಂತ ಒಂದು ಗೇಣು ಮೇಲಿರಲಿ. ಅದಕ್ಕಿಂತ ಎತ್ತರದಿಂದ ಬಿದ್ದರೆ ಧೂಳು ಎದ್ದು ಬರುತ್ತದೆ, ತೀರಾ ಕೆಳಗಿಟ್ಟರೆ ಮುಚ್ಚಳ ಪೇಪರಿಗೆ ತಾಗಿ ಅಂಚಿನಲ್ಲಿ ಕೆಸರು ಮೆತ್ತುತ್ತದೆ, ಆಮೇಲೆ ಅದು ಸರಿಯಾಗಿ ಮುಚ್ಚುವುದೇ ಇಲ್ಲ. ಚೀಲದ ಬಾಯನ್ನು ಡಬ್ಬಿಯ ಕತ್ತಿನ ಸುತ್ತ ಎಡಗೈಯಲ್ಲಿ ಒಟ್ಟುಗೂಡಿಸಿ ಬಿಗಿಯಾಗಿ ಹಿಡಿಯಿರಿ. ಬಲಗೈಯಿಂದ, ಪ್ಲಾಸ್ಟಿಕ್ಕಿನ ಹೊರಗಿನಿಂದಲೇ, ಮುಚ್ಚಳದ ಗುಂಡಿ ಒತ್ತಿ. ಬಡಿಯಬೇಡಿ! ಅಂಗೈಯಿಂದ ಪಕ್ಕಕ್ಕೆ ಎರಡು ಸಲ ಮೆಲ್ಲಗೆ ತಟ್ಟಿದರೆ ಸಾಕು. ಈಗ ಹಾಗೇ ನಿಂತು ನಿಧಾನವಾಗಿ ನೂರರವರೆಗೆ ಎಣಿಸಿ. ಈ ನೂರನ್ನು ಎಣಿಸಲು ಯಾರಿಗೂ ತಾಳ್ಮೆ ಇಲ್ಲ, ಮೋಡ ಏಳುವುದೂ ಅದಕ್ಕೇ. ಎಣಿಸಿದ ಮೇಲೆ ಡಬ್ಬಿಯನ್ನು ಮೆಲ್ಲಗೆ ಮೇಲೆತ್ತುತ್ತಾ ಚೀಲದ ಬಾಯನ್ನು ಕಿರಿದು ಮಾಡುತ್ತಾ ಬನ್ನಿ. ಚೀಲ ಉಬ್ಬಿದೆ ಅಂತ ಅಮುಕಿ ಗಾಳಿ ತೆಗೆಯಲು ಹೋಗಬೇಡಿ, ಧೂಳೆಲ್ಲ ಬುಸ್ಸೆಂದು ಮುಖಕ್ಕೇ ಹೊಡೆಯುತ್ತದೆ. ಉಬ್ಬಿದ ಹಾಗೇ ಬಾಯಿ ತಿರುಚಿ ಗಂಟು ಹಾಕಿ. ಒಳಗಿನ ಜಾಲರಿಗೆ ಕೂದಲು, ನೂಲು ಸುತ್ತಿಕೊಂಡಿದ್ದರೆ ಒಣ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ, ಊದಬೇಡಿ.

ಫಿಲ್ಟರ್ ತೊಳೆಯುವುದರಲ್ಲೂ ಅವಸರವೇ ಶತ್ರು. ಮೊದಲು ಕೈಪಿಡಿಯಲ್ಲಿ ತೊಳೆಯಬಹುದೇ ಎಂದು ನೋಡಿ. ಮಡಿಕೆ ಮಡಿಕೆಯಾಗಿರುವ ಕಾಗದದಂಥ ಫಿಲ್ಟರ್‌ಗಳಲ್ಲಿ ಹಲವಕ್ಕೆ ನೀರು ತಗುಲಿದರೆ ಮುಗಿಯಿತು. ಸ್ಪಂಜಿನದ್ದಾದರೆ ತಣ್ಣೀರಿನ ನಲ್ಲಿಯ ಕೆಳಗೆ, ಧೂಳು ಕೂತಿರುವ ಮಗ್ಗುಲಿನಿಂದಲ್ಲ, ಅದರ ಹಿಂದಿನ ಶುಭ್ರ ಮಗ್ಗುಲಿನಿಂದ ನೀರು ಬಿಡಿ. ಧೂಳು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ಸೋಪು ಬೇಡ, ಬ್ರಷ್ ಬೇಡ. ತಿರುಚಿ ಹಿಂಡದೆ ಅಂಗೈಗಳ ನಡುವೆ ಒತ್ತಿ, ನೀರು ತಿಳಿಯಾಗುವ ತನಕ. ಆಮೇಲೆ ನೆರಳಿನಲ್ಲಿ, ಗಾಳಿ ಆಡುವ ಕಡೆ ಕನಿಷ್ಠ 24 ಗಂಟೆ. ಮಳೆಗಾಲವಾದರೆ ಎರಡು ಮೂರು ದಿನವೂ ಹಿಡಿಯಬಹುದು. ಒಣಗಿತೋ ಇಲ್ಲವೋ ಬೆರಳಿಗೆ ತಿಳಿಯುವುದಿಲ್ಲ, ಕೆನ್ನೆಗೆ ಒತ್ತಿ ಹಿಡಿಯಿರಿ. ಕೆನ್ನೆಗೆ ತಂಪು ಅನಿಸಿದರೆ ಒಳಗೆ ಇನ್ನೂ ನೀರಿದೆ. ಹೇರ್ ಡ್ರೈಯರ್ ಹಿಡಿದು ಒಣಗಿಸಿದರೆ ಸ್ಪಂಜು ಸುಕ್ಕಾಗುತ್ತದೆ. ತೇವ ಇರುವಾಗಲೇ ಹಾಕಿದರೆ ಧೂಳು ಅಂಟಾಗಿ ಕೂತು, ಮುಗ್ಗಲು ವಾಸನೆ ಹಿಡಿದು, ತೇವ ಮೋಟರ್ ತನಕ ಹೋಗುತ್ತದೆ. ಎರಡನೆಯ ಫಿಲ್ಟರ್ ಒಂದನ್ನು ತಂದಿಟ್ಟುಕೊಳ್ಳಿ, ಒಂದು ಒಣಗುವಾಗ ಇನ್ನೊಂದು ದುಡಿಯಲಿ. ತಿಂಗಳಿಗೊಮ್ಮೆ ತೊಳೆದರೆ ಸಾಮಾನ್ಯವಾಗಿ ಸಾಕು. ನೆಲ ಒರೆಸುವ ಬಟ್ಟೆಯನ್ನೂ ಹೀಗೆಯೇ ಹಾಳು ಮಾಡುತ್ತೀರಿ: ಒರೆಸಿ ಬಕೆಟ್ಟಿನಲ್ಲಿ ಮುದ್ದೆಯಾಗಿ ಬಿಟ್ಟು, ಮಾರನೆಯ ದಿನ ಅದೇ ನಾರುವ ಬಟ್ಟೆಯಿಂದ ಮತ್ತೆ ಒರೆಸುವುದು. ಜಾಲಿಸಿ, ಹಿಂಡಿ, ಹರವಿ ಹಾಕಲು ಒಂದು ನಿಮಿಷವೂ ಬೇಡ.

ಹಾಗಾದರೆ ಯಾವುದು ತರಬೇಕು? ಮನೆಯಲ್ಲಿ ಉಬ್ಬಸ, ಧೂಳಿನ ಅಲರ್ಜಿ ಇರುವವರು ಒಬ್ಬರಿದ್ದರೂ ಬ್ಯಾಗ್ ಇರುವುದೇ ಸರಿ, ಬೇರೆ ಮಾತಿಲ್ಲ. 1908ರಲ್ಲಿ ಅಮೆರಿಕದಲ್ಲಿ ಕೈಯಲ್ಲಿ ತಳ್ಳುವ ವಿದ್ಯುತ್ ವ್ಯಾಕ್ಯೂಮಿಗೆ ಪೇಟೆಂಟ್ ಪಡೆದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಒಂದು ದೊಡ್ಡ ಅಂಗಡಿಯಲ್ಲಿ ಗುಡಿಸುವ ಕೆಲಸದವರು, ಉಬ್ಬಸದಿಂದ ನರಳುತ್ತಿದ್ದವರು. ಫ್ಯಾನಿಗೆ ದಿಂಬಿನ ಚೀಲ ಕಟ್ಟಿದ್ದು ಧೂಳು ತಮ್ಮ ಎದೆಗೆ ಹೋಗಬಾರದು ಅಂತ. ಅವರ ಬ್ಯಾಗ್ ಹುಟ್ಟಿದ್ದೇ ಆ ಕಷ್ಟಕ್ಕೆ. ಜೊತೆಗೆ ಗಾಳಿ ಹೊರಹೋಗುವ ಕಡೆ ಎಚ್13 ದರ್ಜೆಯ ಹೆಪಾ ಫಿಲ್ಟರ್ ಇರಲಿ. ಹಿಡಿಯಲು ಅತಿ ಕಷ್ಟವಾದ ಗಾತ್ರದ ಕಣಗಳಲ್ಲೂ ಅದು ಶೇ. 99.95ರಷ್ಟನ್ನು ಹಿಡಿಯುತ್ತದೆ. ಆದರೆ ಮುಚ್ಚಳದ ರಬ್ಬರ್ ಪಟ್ಟಿ ಸಡಿಲವಿದ್ದರೆ ಗಾಳಿ ಅಲ್ಲಿಂದಲೇ ನುಸುಳಿಬಿಡುತ್ತದೆ, ಯಾವ ಫಿಲ್ಟರ್ ಇದ್ದರೂ ಪ್ರಯೋಜನವಿಲ್ಲ.

ವಾರಕ್ಕೊಮ್ಮೆ ದೊಡ್ಡ ಮನೆಯನ್ನು ಒಂದೇ ಸಲ ಮಾಡಿ ಮುಗಿಸುವವರಿಗೂ ಬ್ಯಾಗೇ ಅನುಕೂಲ, ನಡುನಡುವೆ ಖಾಲಿ ಮಾಡುವ ಗೋಜಿಲ್ಲ. ದಿನಾ ಸ್ವಲ್ಪ ಸ್ವಲ್ಪ ಮಾಡುವವರಿಗೆ, ಮಕ್ಕಳ ಆಟದ ಸಾಮಾನಿನ ಚೂರು, ಕಿವಿಯೋಲೆಯ ತಿರುಪು ಆಗಾಗ ಒಳಗೆ ಹೋಗುವ ಮನೆಗೆ ಡಬ್ಬಿಯದು ಒಳ್ಳೆಯದು, ಒಳಗಿರುವುದು ಕಣ್ಣಿಗೆ ಕಾಣುತ್ತದೆ. ನಾಯಿ ಬೆಕ್ಕು ಇದ್ದರೆ ಎರಡರಲ್ಲೂ ತೊಡಕಿದೆ: ಬ್ಯಾಗಾದರೆ ತಿಂಗಳುಗಟ್ಟಲೆ ಕೂತು ವಾಸನೆ ಬರುತ್ತದೆ, ಡಬ್ಬಿಯಾದರೆ ಜಾಲರಿಗೆ ಕೂದಲು ಸುತ್ತುತ್ತದೆ. ಅಂಥವರು ಬ್ಯಾಗನ್ನು ಅರ್ಧ ತುಂಬಿದಾಗಲೇ ಬದಲಾಯಿಸಲಿ. ವಾಟ್ ಜಾಸ್ತಿ ಇದ್ದರೆ ಎಳೆತ ಜಾಸ್ತಿ ಅನ್ನುವ ಭ್ರಮೆ ಬೇಡ, ವಾಟ್ ಅಂದರೆ ಅದು ಕುಡಿಯುವ ಕರೆಂಟು. ಯುರೋಪಿಯನ್ ಒಕ್ಕೂಟದಲ್ಲಿ 2017ರ ಸೆಪ್ಟೆಂಬರಿನಿಂದ ಮನೆಯ ಸಾಮಾನ್ಯ ವ್ಯಾಕ್ಯೂಮಿಗೆ 900 ವಾಟ್ ಮಿತಿ ಹಾಕಿದ್ದಾರೆ, ಅಷ್ಟರಲ್ಲೇ ಕಾರ್ಪೆಟ್ ಚೆನ್ನಾಗಿ ಸ್ವಚ್ಛವಾಗುತ್ತದೆ. ಬ್ಯಾಗಿನದು ತರುವುದಾದರೆ ಆ ಮಾಡೆಲ್ಲಿನ ಬ್ಯಾಗ್ ಸುಲಭವಾಗಿ ಸಿಗುತ್ತದೆಯೇ ಅಂತ ಮೊದಲು ವಿಚಾರಿಸಿ, ಮೆಷಿನ್ ಆಮೇಲೆ.

ಕೊಳ್ಳುವ ದಿನ ಸ್ವಿಚ್ ಹಾಕಿ ಸದ್ದು ಕೇಳಿಕೊಂಡು ಬರಬೇಡಿ. ಮನೆಯಲ್ಲಿ ಧೂಳು ಚೆಲ್ಲುವವರು ಯಾರೋ ಅವರನ್ನೇ ಕರೆದೊಯ್ದು, ಅವರ ಕೈಯಲ್ಲಿ ಬ್ಯಾಗನ್ನೋ ಡಬ್ಬಿಯನ್ನೋ ಮೂರು ಸಲ ತೆಗೆಸಿ, ಮೂರು ಸಲ ಹಾಕಿಸಿ. ಮುಚ್ಚಳ ತೆರೆಯುವಾಗ ಧೂಳು ಕೂರುವ ಜಾಗಕ್ಕೆ ಬೆರಳು ತಾಗುವಂತಿದ್ದರೆ, ಒಂದೇ ಕೈಯಲ್ಲಿ ಗುಂಡಿ ಒತ್ತಲು ಆಗದಿದ್ದರೆ, ಅದನ್ನು ಅಲ್ಲೇ ಬಿಟ್ಟು ಬೇರೆಯದು ನೋಡಿ.